ಅಪ್ಪಣೆ ಪಡೆದು ಹರಿಯುವ ಹೊಳೆ

ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆಯೇಕೆ ಎಂದು ಕೇಳುವವರು ಜರ್ಮನಿಯ ಕಲ್ಲಿದ್ದಲು ನಾಡಾದ ರೂರ್ ಪ್ರದೇಶವನ್ನು ನೋಡಿಲ್ಲ. ಡಾರ್ಟ್‌ಮುಂಡ್ ಬಳಿಯ ಹೋಲ್ಟ್ಸ್‌ವಿಕೆಡೆಯಲ್ಲಿ ಹುಟ್ಟಿ, ಎಂಬತ್ತು ಚಿಲ್ಲರೆ ಕಿಲೋಮೀಟರ್ ಸಾಗಿ ರೈನ್ ನದಿಯನ್ನು ಸೇರುವ ಎಂಷರ್ ಎಂಬ ಸಣ್ಣ ಹೊಳೆಗೆ 1899ರಲ್ಲೇ ಒಬ್ಬ ದೊಣೆನಾಯಕ ದೊರೆತ. ಅವನ ಹೆಸರು ಎಂಷರ್‌ಗೆನೋಸೆನ್‌ಶಾಫ್ಟ್. ನಗರಗಳೂ ಗಣಿಗಳೂ ಕಾರ್ಖಾನೆಗಳೂ ಕೂಡಿ ಕಟ್ಟಿದ ಸಹಕಾರ ಸಂಘ.

ಕಲ್ಲಿದ್ದಲು ಅಗೆದಂತೆಲ್ಲ ನೆಲ ಕುಸಿಯುತ್ತಿದ್ದುದರಿಂದ ಅಲ್ಲಿ ಒಳಚರಂಡಿಯ ಕೊಳವೆಗಳು ಬಾಳುವಂತಿರಲಿಲ್ಲ. ಅಗೆತವನ್ನು ನಿಲ್ಲಿಸಬೇಕೆಂಬ ಅವಿವೇಕದ ಸಲಹೆಗೆ ಕಿವಿಗೊಡದೆ, ಎಂಜಿನಿಯರುಗಳು ನದಿಯನ್ನೇ ಚರಂಡಿ ಮಾಡಿದರು. ಕುಡಿಯಲು ದಕ್ಷಿಣದಲ್ಲಿ ರೂರ್ ನದಿ ಇದ್ದೇ ಇತ್ತು. ಎಂಷರ್‌ನ ಅಂಕುಡೊಂಕನ್ನೆಲ್ಲ ತಿದ್ದಿ, ತಳಕ್ಕೆ ಕಾಂಕ್ರೀಟ್ ಹಾಸಿ, ಎರಡೂ ಕಡೆ ದಂಡೆ ಏರಿಸಿ, ಯಾರೂ ಬೀಳದಂತೆ ಬೇಲಿ ಹಾಕಿದರು. ನೆಲ ಮತ್ತೂ ಕುಸಿದು ನೀರು ರೈನ್‌ಗೆ ಇಳಿಯಲಾರದಾದಾಗ ಹೊಳೆ ರೈನ್ ಸೇರುವ ಮುಖವನ್ನೇ ಉತ್ತರಕ್ಕೆ ಎತ್ತಿಟ್ಟರು: 1910ರಲ್ಲಿ ಒಮ್ಮೆ, 1949ರಲ್ಲಿ ಮತ್ತೊಮ್ಮೆ. ನಮ್ಮ ಕಡೆ ಸರ್ಕಾರಿ ನೌಕರರಿಗೆ ಮಾತ್ರ ಆಗುವ ವರ್ಗಾವಣೆ ಅಲ್ಲಿ ಸಂಗಮಕ್ಕೂ ಆಗುತ್ತದೆ.

ಗಣಿಗಾರಿಕೆ ಉತ್ತರಕ್ಕೆ ಸರಿದು ನೆಲ ನೆಲೆಗೊಂಡ ಮೇಲೆ, ಚರಂಡಿಯೊಳಗೆ ಒಂದು ನದಿ ಇತ್ತೆಂಬುದು ಅದೇ ಸಂಘಕ್ಕೆ ನೆನಪಾಯಿತು. 1992ರಿಂದ ಮೂರು ದಶಕ ದುಡಿದು, ಸುಮಾರು 550 ಕೋಟಿ ಯೂರೋ ಸುರಿದು, ಹಿಂದಿನವರು ಅಷ್ಟು ಶ್ರದ್ಧೆಯಿಂದ ಹಾಸಿದ ಕಾಂಕ್ರೀಟನ್ನು ಅಷ್ಟೇ ಶ್ರದ್ಧೆಯಿಂದ ಕಿತ್ತರು. ತಿದ್ದಿದ್ದ ಡೊಂಕುಗಳನ್ನು ನಕ್ಷೆ ಬರೆದು ಮರಳಿ ಡೊಂಕು ಮಾಡಿದರು. ಕೊಳಚೆಗಾಗಿ ಡಾರ್ಟ್‌ಮುಂಡ್‌ನಿಂದ ಡಿನ್ಸ್‌ಲಾಕೆನ್‌ವರೆಗೆ 51 ಕಿಲೋಮೀಟರ್ ಉದ್ದದ, ಕೆಲವೆಡೆ 40 ಮೀಟರ್ ಆಳದ ಕಾಲುವೆಯನ್ನು ನೆಲದಡಿ ಕೊರೆದರು. ಅಲ್ಲಿ ಕೊಳಚೆಯೂ ತಾನಾಗಿ ಕೊನೆ ಮುಟ್ಟುವುದಿಲ್ಲ. ಗೆಲ್ಸೆನ್‌ಕಿರ್ಷೆನ್, ಬೊಟ್ರೋಪ್, ಓಬರ್‌ಹೌಸೆನ್‌ಗಳಲ್ಲಿ ಪಂಪುಗಳು ಅದನ್ನು ಮೇಲೆತ್ತಿ ಮುಂದಕ್ಕೆ ಕಳಿಸಬೇಕು. 2021ರ ಕೊನೆಗೆ ನದಿ ಕೊಳಚೆಮುಕ್ತವಾಯಿತು. ಹಳೆಯ ಮುಖದಲ್ಲಿದ್ದ ಕಾಂಕ್ರೀಟ್ ಧುಮುಕನ್ನು ಮೀನುಗಳು ಹತ್ತಲಾರವೆಂದು 2022ರಲ್ಲಿ ಸಂಗಮಕ್ಕೆ ಮೂರನೆಯ ವರ್ಗಾವಣೆಯೂ ಆಯಿತು. ಮೀನುಗಳು ಅರ್ಜಿ ಕೊಟ್ಟಿದ್ದರೆ ಇಷ್ಟು ಬೇಗ ಕೆಲಸವಾಗುತ್ತಿರಲಿಲ್ಲ.

ನದಿಯೇನೋ ಮರಳಿತು, ಕುಸಿದ ನೆಲ ಮೇಲೇಳಲಿಲ್ಲ. ಹೊಳೆಗಿಂತ ತಗ್ಗಿನಲ್ಲಿ ಉಳಿದ ಬಡಾವಣೆಗಳ ನೀರನ್ನು ಹಗಲಿರುಳೂ ಪಂಪಿನಿಂದ ಎತ್ತದಿದ್ದರೆ ಅವು ಕೆರೆಗಳಾಗುತ್ತವೆ. ಜರ್ಮನಿಯ ಕೊನೆಯ ಕಲ್ಲಿದ್ದಲಿನ ಆಳಗಣಿ 2018ರಲ್ಲಿ ಮುಚ್ಚಿತು. ಪಂಪುಗಳ ಕೆಲಸಕ್ಕೆ ಮುಕ್ತಾಯದ ದಿನಾಂಕವಿಲ್ಲದ ಕಾರಣ, ಲೆಕ್ಕಪತ್ರಗಳಲ್ಲಿ ಅದನ್ನು ಅನಂತಕಾಲದ ಹೊರೆಯೆಂದೇ ಗಂಭೀರವಾಗಿ ನಮೂದಿಸಿ, ವರ್ಷವರ್ಷವೂ ಹಣ ಒದಗಿಸಲು ಪ್ರತಿಷ್ಠಾನವೊಂದನ್ನು ನೇಮಿಸಲಾಗಿದೆ.