ಹುಕ್ ಕಿತ್ತರೆ ದಂಡ ಡ್ರೆಸ್ಸರ್‌ಗಂತೆ

ರವಿಕೆಯ ಅಳತೆ ತಪ್ಪಿ ಹೊಲಿದವರಿಗೆ ದಂಡ ಇಲ್ಲ. ತಡವಾಗಿ ಬಂದು, ಬಂದ ಮೇಲೂ ಫೋನ್ ಹಿಡಿದು ಕೂತ ಮಾಡೆಲ್‌ಗೆ ದಂಡ ಇಲ್ಲ. ಇಡೀ ಶೋಗೆ ಒಂದು ಸಲವೂ ಫಿಟ್ಟಿಂಗ್, ಅಂದರೆ ಮುಂಚೆಯೇ ಬಟ್ಟೆ ತೊಡಿಸಿ ಅಳತೆ ನೋಡುವುದು, ಇಡದ ಆಯೋಜಕರಿಗಂತೂ ಕೇಳಲೇ ಬೇಡಿ. ಹುಕ್ ಕಿತ್ತು ಬಂದರೆ ಮಾತ್ರ ದಂಡ, ಅದೂ ಅದನ್ನು ಹಾಕಿದ ಡ್ರೆಸ್ಸರ್‌ಗೆ! ಇಲ್ಲಿನ ಒಂದು ಫ್ಯಾಷನ್ ಶೋಗೆ ಡ್ರೆಸ್ಸರ್ ಆಗಿ ಹೋಗಿದ್ದೆ. 1200 ರೂಪಾಯಿ ಅಂತ ಮಾತಾಗಿತ್ತು, ಕೈಗೆ ಬಂದಿದ್ದು 600. ಉಳಿದಿದ್ದು "ಡ್ಯಾಮೇಜ್"ಗೆ ಹೋಯಿತಂತೆ.

ಡ್ರೆಸ್ಸರ್ ಏನು ಮಾಡುತ್ತಾಳೆ ಅಂತ ಇಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಮಾಡೆಲ್ ರ‍್ಯಾಂಪ್‌ನಿಂದ ಒಳಗೆ ಓಡಿ ಬಂದ ಕೂಡಲೇ ಮೈಮೇಲಿನ ಬಟ್ಟೆ, ಒಡವೆ, ಶೂ ಎಲ್ಲ ಬಿಚ್ಚಿಸಿ, ಮುಂದಿನ ರೌಂಡಿನದು ತೊಡಿಸಿ, ಮತ್ತೆ ಸಾಲಿನಲ್ಲಿ ನಿಲ್ಲಿಸಬೇಕು. ಮೇಕಪ್ ಬಟ್ಟೆಗೆ ತಾಗದ ಹಾಗೆ ಮುಖದ ಮೇಲೆ ತೆಳು ಸ್ಕಾರ್ಫ್ ಹಾಕಿ ತಲೆಯಿಂದ ಗೌನ್ ಇಳಿಸಬೇಕು. ಬಾಡಿಗೆ ಶೂ ವಾಪಸ್ ಕೊಡಬೇಕಲ್ಲ, ಅದರ ಅಡಿಗೆ ಟೇಪ್ ಅಂಟಿಸಬೇಕು. ನೆಟ್ಟಗೆ ನಡೆಯುವ ಶೋಗಳಲ್ಲಿ ಮುಂಚೆಯೇ ಫಿಟ್ಟಿಂಗ್ ಆಗಿರುತ್ತದೆ. ಆಗಲೇ ಪ್ರತಿ ಉಡುಪಿನ ಫೋಟೋ ತೆಗೆದು, ಯಾರು ಹಾಕುತ್ತಾರೆ, ಎಷ್ಟನೇ ನಂಬರಿಗೆ ಹೋಗುತ್ತಾರೆ, ಯಾವ ಓಲೆ, ಯಾವ ಶೂ ಅಂತ ಬರೆದು ರ‍್ಯಾಕಿಗೆ ತೂಗುಹಾಕಿರುತ್ತಾರೆ. ನಮ್ಮ ಕಲಬುರಗಿಯ ಈ ಶೋನಲ್ಲಿ ನನಗೆ ಸಿಕ್ಕಿದ್ದು ವಾಟ್ಸಾಪ್‌ನಲ್ಲಿ ಒಂದು ಮಸುಕು ಫೋಟೋ, ಕೆಳಗೆ "ಮ್ಯಾನೇಜ್ ಮಾಡ್ರಿ ಅಕ್ಕಾ". ಅಷ್ಟೇ.

ಜಾಗ ಕೇಳಿ. ಸೇಡಂ ರಸ್ತೆ ಕಡೆಯ ಒಂದು ಫಂಕ್ಷನ್ ಹಾಲ್. ಮೇ ತಿಂಗಳು, ನಮ್ಮೂರಲ್ಲಿ ಮೇ ತಿಂಗಳು ಅಂದರೆ ಏನು ಅಂತ ಇಲ್ಲಿ ಬಾಳಿದವರಿಗೆ ಹೇಳಬೇಕಾಗಿಲ್ಲ. ಮದುವೆ ಹೆಣ್ಣಿಗೆ ಅಂತ ಕಟ್ಟಿದ ಕೋಣೆಯೇ ಗ್ರೀನ್ ರೂಮ್. ಹನ್ನೆರಡು ಹುಡುಗಿಯರು, ನಾಲ್ಕು ಡ್ರೆಸ್ಸರ್, ಮೇಕಪ್‌ನವರು ಬೇರೆ. ಒಂದೇ ಕನ್ನಡಿ, ಕೆಲಸ ಮಾಡುವ ಪ್ಲಗ್ ಒಂದೇ. ಅದಕ್ಕೆ ಸ್ಟೀಮರ್ ಹಾಕಿದರೆ ಕೂದಲಿನ ಮಷೀನ್ ಬಂದ್, ಎರಡೂ ಹಾಕಿದರೆ ಕರೆಂಟೇ ಬಂದ್. ಕೂಲರ್ ಎಲ್ಲಿತ್ತು ಗೊತ್ತಾ? ವೇದಿಕೆ ಮುಂದೆ, ಅತಿಥಿಗಳ ಸೋಫಾ ಪಕ್ಕ.

ಬಟ್ಟೆಯ ವಿಷಯಕ್ಕೆ ಬರುತ್ತೇನೆ, ನನಗೆ ನಿಜವಾಗಿ ಹೊಟ್ಟೆ ಉರಿಯೋದು ಅಲ್ಲೇ. ಮೊದಲ ರೌಂಡ್ ನೆಟ್ ಗೌನ್, ಎರಡನೆಯದು ಲಂಬಾಣಿ, ಕೊನೆಗೆ ಇಳಕಲ್ ಸೀರೆ. ಕನ್ನಡಿ, ಕವಡೆ, ಬಿಲ್ಲೆ ಹೊಲಿದ ಲಂಬಾಣಿ ಲಂಗಗಳನ್ನು ತಂದು ನೆಟ್ ಗೌನ್‌ಗಳಿಗೆ ತಾಗಿಸಿ ಒಂದೇ ರ‍್ಯಾಕಿನಲ್ಲಿ ನೇತುಹಾಕಿದ್ದರು. ನೆಟ್ ಸಿಕ್ಕಿಕೊಳ್ಳುತ್ತದೆ ಅಂತ ಮೂರನೇ ಕ್ಲಾಸಿನ ಮಗುವಿಗೂ ಗೊತ್ತಾಗುತ್ತದೆ ಅಲ್ವಾ? ಬಿಡಿಸುತ್ತಾ ಕೂತಿದ್ದು ನಾವು. ಲಂಬಾಣಿ ಕಾಂಚಳಿಗೆ, ಅಂದರೆ ಅವರ ರವಿಕೆಗೆ, ಬೆನ್ನ ಮೇಲೆ ದಾರ ಕಟ್ಟಬೇಕು, ಬೆವರಿಗೆ ನೆನೆದ ಮೇಲೆ ಆ ಗಂಟು ಬಿಚ್ಚುವುದು ಸುಮ್ನೆ ಮಾತಲ್ಲ. ತಾಂಡಾದ ಹೆಣ್ಣುಮಕ್ಕಳು ತಿಂಗಳುಗಟ್ಟಲೆ ಕೂತು ಹಾಕಿದ ಕಸೂತಿ ಅದು, ಕತ್ತರಿ ಹಾಕೋಕೆ ಮನಸ್ಸು ಬರುತ್ತಾ?

ಇನ್ನು ಇಳಕಲ್. ಈ ಸೀರೆಯಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಮಗ್ಗದ ಮೇಲೆಯೇ ಎರಡನ್ನೂ ಕೊಂಡಿ ಹಾಕಿ ಸೇರಿಸಿರುತ್ತಾರೆ. ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ನಡೆಯಬೇಕಂತೆ, ಅದಕ್ಕೆ ಸರಿಯಾಗಿ ಆ ಕೊಂಡಿ ಹತ್ತಿರವೇ ಪಿನ್ ಚುಚ್ಚಬೇಕಂತೆ. ಕೊರಿಯೋಗ್ರಾಫರ್ ಅಪ್ಪಣೆ. ಅಲ್ಲಿ ಚುಚ್ಚಿ ಎಳೆದರೆ ಎಳೆ ಬಿಡುತ್ತದೆ ರೀ, ಒಳಗೆ ಅಂಗೈ ಅಗಲದ ಬಟ್ಟೆ ಇಟ್ಟು ಭುಜದ ಮೇಲೆ ಹಾಕೋಣ ಅಂದೆ. "ನಾವು ಹೇಳಿದಷ್ಟು ಮಾಡ್ರಿ" ಅಂದರು. ಮಾಡಲಿಲ್ಲ, ನನಗೆ ಬೇಕಾದ ಕಡೆಯೇ ಹಾಕಿದೆ. ಹನ್ನೆರಡು ಸೀರೆಯಲ್ಲಿ ಒಂದರ ಎಳೆಯೂ ಹೋಗಲಿಲ್ಲ. ಅದಕ್ಕೆ ಯಾರಾದರೂ 100 ರೂಪಾಯಿ ಜಾಸ್ತಿ ಕೊಟ್ಟರಾ?

ಈಗ ಆ ಹುಕ್. ಎರಡನೇ ಮತ್ತು ಮೂರನೇ ರೌಂಡ್ ಮಧ್ಯೆ ಗಣ್ಯರ ಸನ್ಮಾನ ಇತ್ತು. ಶಾಲು, ಹಾರ, ಫೋಟೋ, ಭಾಷಣ ಅಂತ ಇಪ್ಪತ್ತು ನಿಮಿಷ ಆಗುತ್ತದೆ, ಅಷ್ಟರಲ್ಲಿ ಉಡಿಸಿ ಅಂದಿದ್ದರು. ನಿಜ ಹೇಳಬೇಕೆಂದರೆ ನಮ್ಮೂರ ಡ್ರೆಸ್ಸರ್‌ಗಳನ್ನು ಕಾಪಾಡುವುದು ಈ ಸನ್ಮಾನಗಳೇ, ಭಾಷಣ ಉದ್ದ ಆದಷ್ಟೂ ನಮಗೆ ಪುಣ್ಯ. ಅವತ್ತು ಮುಖ್ಯ ಅತಿಥಿಗೆ ಬೇರೆಲ್ಲೋ ಹೋಗಬೇಕಿತ್ತಂತೆ, ಐದು ನಿಮಿಷಕ್ಕೆ ಎದ್ದುಬಿಟ್ಟರು. ಹೊರಗೆ ಮ್ಯೂಸಿಕ್ ಶುರುವಾಯಿತು. ಮೊದಲು ಹೋಗಬೇಕಾದ ಹುಡುಗಿಯ ಎದೆ ಅಳತೆ 36, ಅವಳಿಗೆ ಕೊಟ್ಟ ರವಿಕೆ 34. ಒಳಗೆ ಬಿಚ್ಚಿ ಅಗಲ ಮಾಡೋಣ ಅಂದರೆ ಹೊಲಿಗೆಯೊಳಗೆ ಹೆಚ್ಚಿನ ಬಟ್ಟೆಯನ್ನೇ ಬಿಟ್ಟಿಲ್ಲ ಪುಣ್ಯಾತ್ಮರು. ಉಸಿರು ಎಳೆದುಕೋ ತಾಯಿ ಅಂತ ಹಾಕಿದೆ, ಮೇಲಿನ ಎರಡು ಹುಕ್ ಬಟ್ಟೆ ಸಮೇತ ಕಿತ್ತು ಕೈಗೆ ಬಂತು. ಸೂಜಿ ದಾರ ತೆಗೆದು, ಒಳಗೆ ಕರವಸ್ತ್ರದ ತುಂಡು ಇಟ್ಟು, ಆ ಹುಡುಗಿಯನ್ನು ರವಿಕೆಯೊಳಗೇ ಹೊಲಿದು ಕಳಿಸಿದೆ. ಮೇಲೆ ಸೆರಗು ಬಂತು, ಯಾರಿಗೂ ಗೊತ್ತಾಗಲಿಲ್ಲ. ಜನ ಚಪ್ಪಾಳೆ ಹೊಡೆದರು. ವಾಪಸ್ ಬಂದ ಮೇಲೆ ದಾರ ಕತ್ತರಿಸಿ ಬಿಚ್ಚಿದೆ. ಅಷ್ಟರಲ್ಲಿ ಡಿಸೈನರ್ ಬಂದು ರವಿಕೆ ಎತ್ತಿ ಹಿಡಿದು, ಎಲ್ಲರ ಮುಂದೆ, "ಇಂಥವರನ್ನ ಯಾಕ ಕರೀತೀರಿ" ಅಂದರು.

ಇಂಥವರು! ನಾನು ರವಿಕೆ ಹೊಲಿದೇ ಮನೆ ನಡೆಸುವವಳು. 34ರ ರವಿಕೆ ಯಾರ ಮೈಗೆ ಕೂರುತ್ತದೆ ಅಂತ ಕಣ್ಣಳತೆಯಲ್ಲೇ ಹೇಳುತ್ತೇನೆ. ಬೆಳಿಗ್ಗೆ ಒಂದು ಗಂಟೆ ಫಿಟ್ಟಿಂಗ್ ಇಟ್ಟಿದ್ದರೆ ಹನ್ನೆರಡನ್ನೂ ಸರಿ ಮಾಡಿಕೊಡುತ್ತಿದ್ದೆ.

ಇನ್ನೊಂದು ಮಾತು ಹೇಳದೇ ಹೋದರೆ ತಡೆಯಲ್ಲ. ಆ ಕೋಣೆಗೆ ಚಿಲಕ ಇರಲಿಲ್ಲ. "ಬಿಹೈಂಡ್ ದ ಸೀನ್ಸ್" ರೀಲ್ ಬೇಕು ಅಂತ ಕ್ಯಾಮೆರಾ ಹಿಡಿದ ಹುಡುಗರು ಬಾಗಿಲು ತಳ್ಳಿಕೊಂಡು ಬರುತ್ತಿದ್ದರು, ಒಳಗೆ ಹುಡುಗಿಯರು ಬಟ್ಟೆ ಬದಲಿಸುತ್ತಿದ್ದಾರೆ ಅನ್ನೋ ಖಬರೇ ಇಲ್ಲ. ಇದ್ದ ನಾಲ್ಕು ಜನರಲ್ಲಿ ಇಬ್ಬರು ಬೆಡ್‌ಶೀಟ್ ಹಿಡಿದು ನಿಲ್ಲಬೇಕಾಯಿತು, ಉಳಿದ ಇಬ್ಬರು ಹನ್ನೆರಡು ಜನರಿಗೆ ಉಡಿಸಬೇಕಾಯಿತು. ಹೆಣ್ಣುಮಕ್ಕಳು ಬಟ್ಟೆ ಬದಲಿಸುವಾಗ ಕದ್ದು ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ, ಜೈಲಿದೆ. ಹಾಗಂತ ಹೇಳಿದ್ದಕ್ಕೆ ಆಯೋಜಕರು ನಕ್ಕು, "ನಮ್ಮ ಹುಡುಗರೇ ಅಕ್ಕಾ" ಅಂದರು. ನಿಮ್ಮ ಹುಡುಗರಾದರೆ ಕಣ್ಣು ಇರಲ್ವಾ ಅವರಿಗೆ?

ಊಟದ್ದು ಬೇರೆ ಕತೆ. ಎಲ್ಲರಿಗೂ ತಹರಿ ಅನ್ನ ಮಾಡಿಸಿದ್ದರು, ನಾವು ಬಟ್ಟೆ ಎಣಿಸಿ ಕವರ್‌ಗೆ ಹಾಕಿ ಹೋಗುವಷ್ಟರಲ್ಲಿ ಪಾತ್ರೆ ತೊಳೆಯುತ್ತಿದ್ದರು. ಬಿದ್ರಿ ಓಲೆ ಒಂದು ಕಾಣಿಸುತ್ತಿಲ್ಲ ಅಂತ ನಮ್ಮ ಬ್ಯಾಗ್‌ಗಳನ್ನೂ ನೋಡಿದರು, ಮಾಡೆಲ್‌ಗಳದ್ದಲ್ಲ, ಬರೀ ನಾಲ್ಕು ಡ್ರೆಸ್ಸರ್‌ಗಳದ್ದು. ಆಮೇಲೆ ಅದು ಒಬ್ಬ ಹುಡುಗಿಯ ಕಿವಿಯಲ್ಲೇ ಇತ್ತು. ಸಾರಿ ಅನ್ನೋ ಮಾತು ಬರಲೇ ಇಲ್ಲ.

ಉಳಿದ 600 ರೂಪಾಯಿಗೆ ಆಯೋಜಕರಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ಸ್ಟೇಟಸ್ ಮಾತ್ರ ತಪ್ಪದೆ ಹಾಕುತ್ತಾರೆ. ಮುಂದಿನ ಶೋ ಬೀದರ್‌ನಲ್ಲಂತೆ, ಬ್ಯಾಕ್‌ಸ್ಟೇಜ್‌ಗೆ ಹುಡುಗಿಯರು ಬೇಕಂತೆ, ಈ ಸಲ ದುಡ್ಡಿಲ್ಲ, ಸರ್ಟಿಫಿಕೇಟ್ ಕೊಡುತ್ತಾರಂತೆ.