ಸತ್ಯಾಂಶ: ‘ಎಲ್ಲ ಉಪಕಾರವೂ ಸ್ವಾರ್ಥವೇ’ ಎಂದು ವಿಜ್ಞಾನ ಸಾಬೀತು ಮಾಡಿದೆಯೇ?

‘ಸಹಾಯ ಮಾಡಿದರೆ ಮಿದುಳಿಗೆ ಖುಷಿ ಸಿಗುತ್ತದೆ, ಆದ್ದರಿಂದ ನಿಸ್ವಾರ್ಥ ಎಂಬುದೇ ಇಲ್ಲ, ಇದು ಸಾಬೀತಾಗಿದೆ’ ಎಂಬ ಫಾರ್ವರ್ಡ್ ಸಂದೇಶ ಸರಿಯಲ್ಲ.

ಖುಷಿ ಸಿಗುವುದು ನಿಜ. ಆದರೆ ಫಲ ಬೇರೆ, ಉದ್ದೇಶ ಬೇರೆ. ಅನ್ನಕ್ಕೆ ಇಟ್ಟರೆ ಹಬೆ ಬರುತ್ತದೆ. ಹಬೆ ಬರಲಿ ಎಂದು ಯಾರೂ ಅನ್ನಕ್ಕೆ ಇಡುವುದಿಲ್ಲ.

ಉದ್ದೇಶವನ್ನು ಪರೀಕ್ಷಿಸುವುದು ಹೇಗೆ? ಜಾರಿಕೊಳ್ಳಲು ಸುಲಭದ ದಾರಿ ಕೊಟ್ಟು ನೋಡಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಬ್ಯಾಟ್ಸನ್ ತಂಡ 1981ರಲ್ಲಿ ಪ್ರಕಟಿಸಿದ ಪ್ರಯೋಗ ಮಾಡಿದ್ದು ಇದನ್ನೇ. ಎಲೇನ್ ಎಂಬ ಯುವತಿಗೆ 10 ಸುತ್ತು ವಿದ್ಯುತ್ ಆಘಾತ ಎಂದು ವಿದ್ಯಾರ್ಥಿನಿಯರನ್ನು ನಂಬಿಸಲಾಯಿತು (ನಿಜಕ್ಕೂ ಅದು ನಟನೆಯ ವಿಡಿಯೊ). ಚಿಕ್ಕಂದಿನಲ್ಲಿ ಕುದುರೆಯಿಂದ ವಿದ್ಯುತ್ ಬೇಲಿ ಮೇಲೆ ಬಿದ್ದಿದ್ದರಿಂದ ತನಗೆ ಭಯ ಎಂದು ಆಕೆ ಹೇಳುತ್ತಾಳೆ. ನೋಡುವವರಲ್ಲಿ ಕೆಲವರು 2 ಸುತ್ತಿಗೇ ಎದ್ದು ಹೋಗಬಹುದಿತ್ತು. ಸ್ವಂತ ಸಂಕಟ ಕಳೆದುಕೊಳ್ಳುವುದಷ್ಟೇ ಗುರಿಯಾಗಿದ್ದರೆ ಹೋಗಿಬಿಡಬೇಕು. ಹೀಗೆ ಎದ್ದು ಹೋಗಬಹುದಿದ್ದವರ ಪೈಕಿ, ಎಲೇನ್ ತಮ್ಮಂಥವಳಲ್ಲ ಎಂದುಕೊಂಡವರಲ್ಲಿ ಆಕೆಯ ಬದಲು ಆಘಾತ ತಾಳಲು ಒಪ್ಪಿದವರು ಶೇ 18 ಮಾತ್ರ. ತಮ್ಮಂಥವಳೇ ಎಂದು ಮರುಗಿದವರಲ್ಲಿ ಶೇ 91!

ಪ್ರತಿ ಗುಂಪಿನಲ್ಲಿದ್ದವರು 11 ಮಂದಿಯಷ್ಟೇ ಎಂಬುದು ನೆನಪಿರಲಿ. ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮುಂತಾದವರ ಆಕ್ಷೇಪವೂ ಗಟ್ಟಿಯಾದದ್ದು: ಮರುಕದ ಜತೆ ಬರುವ ದುಃಖ ಕಳೆದುಕೊಳ್ಳಲೂ ಜನ ನೆರವಾಗಬಹುದು. ಈ ಚರ್ಚೆ ಮುಗಿದಿಲ್ಲ.

‘ನಿಸ್ವಾರ್ಥ ಕಂಡರೂ ಒಳಗೆ ಸ್ವಾರ್ಥ ಅಡಗಿದೆ’ ಎನ್ನುವವರಿಗೆ ಒಂದು ಪ್ರಶ್ನೆ ಕೇಳಿ: ಏನು ಕಂಡರೆ ನಿಮ್ಮ ಮಾತು ತಪ್ಪೆಂದು ಒಪ್ಪುತ್ತೀರಿ? ‘ಏನು ಕಂಡರೂ ಇಲ್ಲ’ ಎಂದರೆ ಅದು ಸಂಶೋಧನೆಯ ಫಲಿತಾಂಶವಲ್ಲ, ಬರೀ ವ್ಯಾಖ್ಯೆ.