ಮಾಲೀಕರೊಂದಿಗಿನ ವ್ಯಾಜ್ಯವೇ ಬೇರೆ, ಏಜೆಂಟರೊಂದಿಗಿನ ವ್ಯಾಜ್ಯವೇ ಬೇರೆ

ಮನೆ ಕೊಳ್ಳಲು ಹೋಗಿ ಮುಂಗಡ ಹಣ ಸಿಕ್ಕಿಹಾಕಿಕೊಂಡವರು ನಮ್ಮ ಬಳ್ಳಾರಿಯಲ್ಲಿ ಮೊದಲು ಹೇಳುವ ಮಾತು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: “ಇಬ್ಬರೂ ಸೇರಿ ಮುಳುಗಿಸಿದರು.” ಇಬ್ಬರೆಂದರೆ ಮನೆಯ ಮಾಲೀಕ ಮತ್ತು ಏಜೆಂಟ್. ಬ್ಯಾಂಕೊಂದರ ಗೃಹಸಾಲ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವನು ಎಂಬ ಕಾರಣಕ್ಕೆ ನೆಂಟರು, ನೆರೆಯವರು, ಅವರ ಪರಿಚಯದವರು ಕಾಗದಪತ್ರಗಳ ಚೀಲ ಹಿಡಿದು ನನ್ನಲ್ಲಿಗೆ ಬರುವುದು ನಿವೃತ್ತಿಯ ನಂತರವೂ ನಿಂತಿಲ್ಲ. ಅವರ ಕಾಗದಗಳನ್ನು ನೋಡಿ, ಮಾತುಗಳನ್ನು ಕೇಳಿ ನನಗೆ ಮನದಟ್ಟಾಗಿರುವುದೇನೆಂದರೆ, ಮಾಲೀಕರ ಮೇಲಿನ ತಕರಾರನ್ನೂ ಏಜೆಂಟರ ಮೇಲಿನ ತಕರಾರನ್ನೂ ಒಂದೇ ಗಂಟಿಗೆ ಕಟ್ಟಿಕೊಂಡು ಓಡಾಡುವುದರಿಂದಲೇ ನಮ್ಮ ಜನರಿಗೆ ಎರಡೂ ಕಡೆಯಿಂದ ಏನೂ ದಕ್ಕುವುದಿಲ್ಲ. ಇವು ಎರಡು ಬೇರೆ ವ್ಯಾಜ್ಯಗಳು. ಇವಕ್ಕೆ ಅನ್ವಯಿಸುವ ಕಾನೂನು ಬೇರೆ, ಹೋಗಬೇಕಾದ ಬಾಗಿಲು ಬೇರೆ.

ನಮ್ಮ ಅಕ್ಕನ ಅಳಿಯನಿಗೆ ಆದದ್ದನ್ನೇ ತೆಗೆದುಕೊಳ್ಳಿ. ತೋರಣಗಲ್ಲಿನ ಕಡೆ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಈ ಹುಡುಗ ಸಿರುಗುಪ್ಪ ರಸ್ತೆಯ ಬಡಾವಣೆಯೊಂದರಲ್ಲಿ 30×40 ನಿವೇಶನದ ಹಳೆಯ ಮನೆಯನ್ನು 36 ಲಕ್ಷ ರೂಪಾಯಿಗೆ ಮಾತನಾಡಿದ. 3 ಲಕ್ಷ ಮುಂಗಡ ಕೊಟ್ಟ. ಅದರಲ್ಲಿ 2 ಲಕ್ಷ ಏಜೆಂಟರ ಫೋನ್‌ಪೇಗೆ, 1 ಲಕ್ಷ ನಗದಾಗಿ ಅವರದೇ ಕೈಗೆ. ಪ್ರತಿಯಾಗಿ ಸಿಕ್ಕಿದ್ದು ಹಳೆಯ ಡೈರಿಯಿಂದ ಹರಿದ ಒಂದು ಹಾಳೆ. ‘ಮನೆ ಬಾಬ್ತು ರೂ. 3,00,000 ಮುಟ್ಟಿದೆ’ ಎಂಬ ಒಂದು ಸಾಲು, ಕೆಳಗೆ ಒಂದು ಸಹಿ. ಯಾವ ಮನೆ, ಯಾರ ಪರವಾಗಿ ಮುಟ್ಟಿದೆ, ವ್ಯವಹಾರ ಮುರಿದರೆ ಯಾರು ಹಿಂತಿರುಗಿಸಬೇಕು ಎಂಬುದಿರಲಿ, ತಾರೀಖು ಕೂಡ ಅದರಲ್ಲಿರಲಿಲ್ಲ. ಡೈರಿಯ ಆ ಪುಟದ ಮೇಲೆ ಅಚ್ಚಾಗಿದ್ದ ದಿನಾಂಕವಂತೂ ಯಾವುದೋ ಹಳೆಯ ವರ್ಷದ್ದು.

ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನ ವಕೀಲರು ವಂಶವೃಕ್ಷ ಕೇಳಿದರು. ಮನೆ ಮಾಲೀಕರ ತಂದೆಯ ಸ್ವಯಾರ್ಜಿತ ಆಸ್ತಿ. ಅವರು ಉಯಿಲು ಬರೆಯದೆ ತೀರಿಕೊಂಡಿದ್ದರು. ಮಾಲೀಕರಿಗೆ ಇಬ್ಬರು ತಂಗಿಯರಿದ್ದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರವೇ ಅವರಿಗೂ ಸಮಪಾಲು ಉಂಟು, ಆದ್ದರಿಂದ ಅವರ ಸಹಿಯಿಲ್ಲದೆ ಸಾಲವಿಲ್ಲ ಎಂದು ವಕೀಲರು ಬರೆದುಕೊಟ್ಟರು. ಆದವಾನಿಗೆ ಕೊಟ್ಟಿದ್ದ ಕಿರಿಯ ತಂಗಿ ಸಹಿ ಹಾಕಲು ಒಪ್ಪಲಿಲ್ಲ. ಅಲ್ಲಿಯವರೆಗೆ “ನಾನು ಅದೀನಲ್ಲ ಸಾರ್, ನೀವ್ಯಾಕೆ ಟೆನ್ಷನ್ ತಗೊಂತೀರಿ” ಎನ್ನುತ್ತಿದ್ದ ಏಜೆಂಟರು ಅಂದಿನಿಂದ “ನಾನು ಬರೀ ಮನೆ ತೋರಿಸಿದವನು” ಎನ್ನತೊಡಗಿದರು. ಮಾಲೀಕರು ತಮಗೆ ಬಂದದ್ದು ಒಂದೇ ಲಕ್ಷ ಎಂದರು. ಉಳಿದ 2 ಲಕ್ಷದಲ್ಲಿ, ಮನೆಯ ಬೆಲೆಯ ಶೇಕಡಾ 2ರಂತೆ 72,000 ರೂಪಾಯಿ ತಮ್ಮ ಕಮಿಷನ್, ಮಿಕ್ಕದ್ದನ್ನು ಈ ಮನೆಗೆ ಬೇರೆ ಗಿರಾಕಿ ಬಂದಾಗ ಕೊಡುತ್ತೇನೆ ಎಂಬುದು ಏಜೆಂಟರ ಲೆಕ್ಕ.

ಇಂಥ ಸಂದರ್ಭದಲ್ಲಿ ನಮ್ಮವರು ಮೊದಲು ಹಿರಿಯರನ್ನು ಕೂಡಿಸುತ್ತಾರೆ, ಬಗೆಹರಿಯದಿದ್ದರೆ ವಾರ್ಡಿನ ಮುಖಂಡರ ಮನೆಗೆ ಹೋಗುತ್ತಾರೆ, ಅಲ್ಲಿಂದ ಠಾಣೆಗೆ. ಹಿರಿಯರನ್ನು ಕೂಡಿಸುವುದರ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿ ತೀರ್ಮಾನ ಎಂದರೆ ಸಾಮಾನ್ಯವಾಗಿ ಅರ್ಧಕ್ಕರ್ಧ. ತನ್ನದಲ್ಲದ ಹಣವನ್ನು ಇಟ್ಟುಕೊಂಡವರು ಅದರಲ್ಲಿ ಅರ್ಧ ಹಿಂತಿರುಗಿಸಿ, ನಾಲ್ಕು ಜನರೆದುರು ದೊಡ್ಡ ಮನಸ್ಸಿನವರೆನಿಸಿಕೊಂಡು ಎದ್ದು ಹೋಗುವ ವ್ಯವಸ್ಥೆಯನ್ನು ನಾನು ನ್ಯಾಯವೆಂದು ಕರೆಯಲಾರೆ. ಇನ್ನು ಠಾಣೆಯಲ್ಲಿ “ಇದು ಸಿವಿಲ್ ಮ್ಯಾಟರು” ಎಂದು ಕಳುಹಿಸಿದರೆ ಅದನ್ನು ಪೂರಾ ತಪ್ಪೆನ್ನಲೂ ಬರುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318ನೇ ಕಲಂ, ನಂಬಿಕೆದ್ರೋಹಕ್ಕೆ 316ನೇ ಕಲಂ ಇವೆ ನಿಜ. ಆದರೆ ಮೊದಲಿನಿಂದಲೇ ಮೋಸದ ಉದ್ದೇಶವಿತ್ತು ಎಂದೋ ವಹಿಸಿಕೊಟ್ಟ ಹಣವನ್ನು ಅಪ್ರಾಮಾಣಿಕವಾಗಿ ಬಳಸಿಕೊಂಡರು ಎಂದೋ ತೋರಿಸಬೇಕಾಗುತ್ತದೆ. ಒಂದೇ ಮನೆಗೆ ಮೂವರಿಂದ ಮುಂಗಡ ಪಡೆದಿದ್ದರೆ, ಸುಳ್ಳು ದಾಖಲೆ ಸೃಷ್ಟಿಸಿದ್ದರೆ ಠಾಣೆಯೇ ಸರಿಯಾದ ಜಾಗ. ವ್ಯವಹಾರ ಮುರಿದು ಹಣ ಬಾಕಿ ಉಳಿದ ಮಾತ್ರಕ್ಕೆ ಅದು ಸಾಲದು.

ಈಗ ಎರಡು ಗಂಟುಗಳನ್ನು ಬಿಡಿಸಿ ನೋಡೋಣ. ಆಸ್ತಿಯ ಹಕ್ಕಿನಲ್ಲಿರುವ ದೋಷವನ್ನು ಕೊಳ್ಳುವವರಿಗೆ ತಿಳಿಸಬೇಕಾದ ಹೊಣೆ ಮಾಲೀಕರದು. ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಅದನ್ನು ಹೇಳುತ್ತದೆ. ಒಬ್ಬ ಖಾಸಗಿ ವ್ಯಕ್ತಿ ತನ್ನ ಹಳೆಯ ಮನೆಯನ್ನು ಮಾರುವುದು ಗ್ರಾಹಕ ಕಾನೂನಿನ ಅರ್ಥದಲ್ಲಿ ‘ಸೇವೆ’ ಆಗುವುದಿಲ್ಲವಾದ್ದರಿಂದ, ಅವರು ಮುಂಗಡ ಹಿಂತಿರುಗಿಸದಿದ್ದರೆ ಸಿವಿಲ್ ನ್ಯಾಯಾಲಯವೇ ಗತಿ. ಏಜೆಂಟರ ಸಂಗತಿ ಹಾಗಲ್ಲ. ಅವರು ಕಮಿಷನ್ ಪಡೆದು, ಅಥವಾ ಪಡೆಯುವ ಕರಾರಿನ ಮೇಲೆ, ಸೇವೆ ಕೊಡುವವರು. ಪ್ರತಿಫಲ ಕೊಟ್ಟಿದ್ದರಷ್ಟೇ ಅಲ್ಲದೆ ಕೊಡುತ್ತೇನೆಂದು ಒಪ್ಪಿದ್ದರೂ ನೀವು ಅವರ ಗ್ರಾಹಕರೇ. ಜೊತೆಗೆ 1872ರ ಕರಾರು ಕಾಯ್ದೆಯ ನಿಯೋಗದ (ಏಜೆನ್ಸಿಯ) ಅಧ್ಯಾಯವೂ ಅವರಿಗೆ ಅನ್ವಯಿಸುತ್ತದೆ. 213ನೇ ಕಲಂ ಪ್ರಕಾರ, ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸಬೇಕು. 219ನೇ ಕಲಂ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ವಹಿಸಿದ ಕೆಲಸ ಮುಗಿಯುವವರೆಗೆ ಕಮಿಷನ್ ಬಾಕಿಯೇ ಆಗುವುದಿಲ್ಲ. 220ನೇ ಕಲಂ ಪ್ರಕಾರ, ದುರ್ನಡತೆ ತೋರಿದ ಭಾಗದ ಕೆಲಸಕ್ಕೆ ಪ್ರತಿಫಲ ಕೇಳುವ ಹಕ್ಕೇ ಇಲ್ಲ. ನೋಂದಣಿಯೇ ಆಗದ ಮನೆಗೆ 72,000 ರೂಪಾಯಿ ಮುರಿದುಕೊಳ್ಳಲು ಯಾವ ಆಧಾರವಿತ್ತು ಎಂಬ ಪ್ರಶ್ನೆಯನ್ನು ಹಿರಿಯರ ಸಭೆಯಲ್ಲಿ ಯಾರೂ ಎತ್ತಲಿಲ್ಲ. ಅಳಿಯನೂ ಎತ್ತಲಿಲ್ಲ, ಕಮಿಷನ್ ಎಂದರೆ ಅದು ಹೇಗಿದ್ದರೂ ಹೋಗುವ ಹಣ ಎಂದೇ ಎಲ್ಲರೂ ತಿಳಿದಿದ್ದರು.

ಏಜೆಂಟರು ಯಾರ ಏಜೆಂಟರು ಎಂಬುದೇ ನಮ್ಮಲ್ಲಿ ಸ್ಪಷ್ಟವಿರುವುದಿಲ್ಲ. ಎರಡೂ ಕಡೆಯಿಂದ ಕಮಿಷನ್ ತೆಗೆದುಕೊಳ್ಳುವುದು ಇಲ್ಲಿಯ ರೂಢಿ. ಇಬ್ಬರಿಗೂ ಗೊತ್ತಿದ್ದು ಕೊಡುವುದಾದರೆ ನನ್ನದೇನೂ ತಕರಾರಿಲ್ಲ. ಆದರೆ ಮಾಲೀಕರಿಗೆ 34 ಲಕ್ಷ ಎಂದು ಹೇಳಿ, ಕೊಳ್ಳುವವರಿಗೆ 36 ಲಕ್ಷ ಎಂದು ಹೇಳಿ, ನಡುವಿನ 2 ಲಕ್ಷವನ್ನು ಯಾರಿಗೂ ಹೇಳದೆ ಇಟ್ಟುಕೊಳ್ಳುವುದು ಕಮಿಷನ್ ಆಗುವುದಿಲ್ಲ. ಇನ್ನೂ ಕೆಲವರು ಮಾಲೀಕರಿಂದ ಮೂರ್ನಾಲ್ಕು ತಿಂಗಳ ಅವಧಿಗೆ ತಮ್ಮ ಹೆಸರಿಗೇ ಅಗ್ರಿಮೆಂಟ್ ಮಾಡಿಸಿಕೊಂಡು, ಅದರ ಬಲದ ಮೇಲೆ ಮೂರನೆಯವರಿಂದ ಮುಂಗಡ ಎತ್ತುತ್ತಾರೆ. ಅವರು ಆಗ ಏಜೆಂಟರೇ ಅಲ್ಲ, ಇನ್ನೂ ತಮ್ಮದಾಗದ ಆಸ್ತಿಯನ್ನು ಮಾರಲು ಹೊರಟವರು. ಮಾರಾಟದ ಕರಾರು ಆಸ್ತಿಯ ಮೇಲೆ ಹಕ್ಕನ್ನು ಹುಟ್ಟಿಸುವುದಿಲ್ಲ ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಜಿಪಿಎ (ಸಾಮಾನ್ಯ ಅಧಿಕಾರಪತ್ರ) ತೋರಿಸಿ ಮಾರುವವರಿಗೂ 2011ರಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ: ಅಧಿಕಾರಪತ್ರದಿಂದ ಮಾಲೀಕತ್ವ ವರ್ಗವಾಗುವುದಿಲ್ಲ. ರಾಯಚೂರು, ಕೊಪ್ಪಳದ ಕಡೆ ನಿಜಾಮರ ಕಾಲದ ಉರ್ದು ಕಾಗದಗಳು ಸಿಕ್ಕಿದರಂತೂ ಕೊಳ್ಳುವವರ ಪಾಲಿಗೆ ಏಜೆಂಟರು ಹೇಳಿದ್ದೇ ಅರ್ಥ. ಉರ್ದು ಬಲ್ಲ, ವ್ಯವಹಾರಕ್ಕೆ ಸಂಬಂಧಪಡದ ಒಬ್ಬರಿಂದ ಓದಿಸುವ ತೊಂದರೆಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

ಹೊಸ ಲೇಔಟು, ಹೊಸ ಅಪಾರ್ಟ್‌ಮೆಂಟ್ ಆದರೆ ದಾರಿ ಬದಲಾಗುತ್ತದೆ. ಅಲ್ಲಿ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಬರುತ್ತದೆ. ಜಾಗ 500 ಚದರ ಮೀಟರ್ ಮೀರದ ಅಥವಾ ಮನೆಗಳು 8 ಮೀರದ ಯೋಜನೆಗೆ ವಿನಾಯಿತಿಯಿದೆ, ಅದಕ್ಕಿಂತ ದೊಡ್ಡ ಯೋಜನೆ ರೇರಾದಲ್ಲಿ ನೋಂದಣಿ ಆಗಿರಲೇಬೇಕು. ಅಂಥ ಯೋಜನೆಯ ನಿವೇಶನ ಮಾರಿಸುವ ಏಜೆಂಟರಿಗೂ ಪ್ರತ್ಯೇಕ ನೋಂದಣಿ ಬೇಕು, ನೋಂದಣಿಯಾಗದ ಯೋಜನೆಯನ್ನು ಅವರು ಮುಟ್ಟುವಂತೆಯೇ ಇಲ್ಲ. ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ, ಆಸ್ತಿಯ ಬೆಲೆಯ ಶೇಕಡಾ 5ರವರೆಗೆ ದಂಡ ಹಾಕಲು 62ನೇ ಕಲಂ ಅವಕಾಶ ಕೊಡುತ್ತದೆ. ಪ್ರವರ್ತಕರು (ಲೇಔಟು ಅಥವಾ ಅಪಾರ್ಟ್‌ಮೆಂಟ್ ಕಟ್ಟಿ ಮಾರುವವರು) ಕರಾರು ಪತ್ರ ನೋಂದಾಯಿಸದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಊರ ಸುತ್ತಲಿನ ಹಳ್ಳಿಗಳ ಹೊಲಗಳಲ್ಲಿ ಕಲ್ಲು ನೆಟ್ಟು “ಎನ್‌ಎ ಆಗಿದೆ, ಬುಡಾ ಅಪ್ರೂವಲ್ ಬರೋದೊಂದೇ ಬಾಕಿ” (ಜಮೀನು ಕೃಷಿಯೇತರವಾಗಿದೆ, ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆಯಷ್ಟೇ ಬಾಕಿ) ಎನ್ನುವವರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇವೆರಡು ನೋಂದಣಿ ಸಂಖ್ಯೆಗಳದ್ದು. ಸಂಖ್ಯೆಯನ್ನು ರೇರಾ ಜಾಲತಾಣದಲ್ಲಿ ಮನೆಯಲ್ಲೇ ಕುಳಿತು ನೋಡಬಹುದು. ದೂರನ್ನೂ ಅಲ್ಲಿಯೇ ಸಲ್ಲಿಸಬಹುದು. ಆದರೆ ರೇರಾ ಆದೇಶ ಕೈಗೆ ಬಂದ ಮಾತ್ರಕ್ಕೆ ಹಣ ಬಂದಂತಲ್ಲ. ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬೇಕಾಗುವುದರಿಂದ ಕಡತ ಮತ್ತೆ ಕಂದಾಯ ಇಲಾಖೆಯ ಮೇಜುಗಳನ್ನು ಹತ್ತಿಳಿಯುತ್ತದೆ.

ಹಳೆಯ ಮನೆಯ ವಿಚಾರದಲ್ಲಿ ಏಜೆಂಟರ ವಿರುದ್ಧ ನಮಗಿರುವ ಹತ್ತಿರದ ಬಾಗಿಲು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಬಳ್ಳಾರಿಯಲ್ಲಿದೆ, ರಾಯಚೂರಿನಲ್ಲಿದೆ, ಕೊಪ್ಪಳದಲ್ಲೂ ಇದೆ. ವಿಮೆ ಕಂಪನಿಗಳ ಮೇಲೆ ಧೈರ್ಯವಾಗಿ ದೂರು ಕೊಡುವ ನಮ್ಮವರಿಗೆ ಮನೆ ಏಜೆಂಟರ ಮೇಲೂ ಇಲ್ಲಿಯೇ ದೂರು ಕೊಡಬಹುದೆಂಬುದು ಹೊಳೆಯುವುದೇ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಊರಿನಲ್ಲೇ ದೂರು ಸಲ್ಲಿಸಬಹುದು. ಏಜೆಂಟರು ಹೊಸಪೇಟೆಯವರಾಗಿರಲಿ ಬೆಂಗಳೂರಿನವರಾಗಿರಲಿ, ಅವರೇ ಇಲ್ಲಿಗೆ ಬರಬೇಕು. ಸೇವೆಗೆ ಕೊಟ್ಟ ಪ್ರತಿಫಲ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನಿಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ. ನೋಟಿಸ್ ತಲುಪಿದ ಮೇಲೆ ಎದುರುದಾರರು 30 ದಿನಗಳಲ್ಲಿ, ಹೆಚ್ಚೆಂದರೆ ಇನ್ನೂ 15 ದಿನಗಳಲ್ಲಿ ಉತ್ತರ ಹಾಕಬೇಕು. ಆದೇಶ ಪಾಲಿಸದಿದ್ದರೆ ಜೈಲುಶಿಕ್ಷೆಯವರೆಗೂ ಹೋಗುವ ಅಧಿಕಾರ 72ನೇ ಕಲಂನಲ್ಲಿದೆ. ಕಾಯ್ದೆಯಲ್ಲಿ ಹೇಳಿದ ಮೂರು ತಿಂಗಳಲ್ಲಿ ಪ್ರಕರಣ ಮುಗಿಯುತ್ತದೆ ಎಂದು ಮಾತ್ರ ಯಾರೂ ನಂಬಿ ಕೂರಬಾರದು.

ಅಳಿಯನ ವಿಷಯದಲ್ಲಿ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಡೈರಿ ಹಾಳೆಯ ಜೊತೆಗೆ ಅವನ ಬಳಿ ಇದ್ದದ್ದು ಫೋನ್‌ಪೇ ದಾಖಲೆ ಮತ್ತು ವಾಟ್ಸ್‌ಆ್ಯಪ್ ಸಂದೇಶಗಳು. ‘ಟೈಟಲ್ ಕ್ಲಿಯರ್ ಇದೆ, ನಾನೇ ನೋಡೀನಿ’ ಎಂದು ಏಜೆಂಟರೇ ಕಳುಹಿಸಿದ ಧ್ವನಿಸಂದೇಶವೊಂದಿತ್ತು; ಮಿಕ್ಕ ಕಾಗದಗಳೆಲ್ಲ ಒಂದು ತೂಕವಾದರೆ ಅದೊಂದೇ ಒಂದು ತೂಕ. ಇಂಥ ದಾಖಲೆಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಆದ್ದರಿಂದ ಮೂಲ ಫೋನನ್ನು ಬದಲಿಸಬೇಡ, ಒಂದು ಸಂದೇಶವನ್ನೂ ಅಳಿಸಬೇಡ ಎಂದು ಹೇಳಿದೆ. ನಂತರ ವಕೀಲರ ಮೂಲಕ ಎರಡು ನೋಟಿಸ್‌ಗಳನ್ನು ಬರೆಸಿದೆವು. ಮಾಲೀಕರಿಗೆ 1 ಲಕ್ಷದ ಬಗ್ಗೆ ಒಂದು. ಏಜೆಂಟರಿಗೆ 2 ಲಕ್ಷದ ಲೆಕ್ಕ ಕೇಳಿ, ಕಮಿಷನ್ ಹಕ್ಕನ್ನು ನಿರಾಕರಿಸಿ, ಗ್ರಾಹಕ ಆಯೋಗಕ್ಕೆ ಹೋಗುವುದಾಗಿ ತಿಳಿಸಿ ಇನ್ನೊಂದು. ಅದುವರೆಗೆ ಇಬ್ಬರೂ ಒಬ್ಬರ ಕಡೆ ಒಬ್ಬರು ಬೆರಳು ತೋರಿಸುತ್ತಿದ್ದರಲ್ಲ, ಪ್ರತ್ಯೇಕ ನೋಟಿಸ್ ಕೈಸೇರಿದ ಮೇಲೆ ಆ ಆಟ ನಿಂತಿತು. ಏಜೆಂಟರೇ ಮಾತುಕತೆಗೆ ಬಂದರು. ಆದರೆ ಈ ಸಲ ಕುಳಿತದ್ದು ಯಾರ ಪಡಸಾಲೆಯಲ್ಲೂ ಅಲ್ಲ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ, ವ್ಯಾಜ್ಯಪೂರ್ವ ಪ್ರಕರಣವಾಗಿ, ಅಂದರೆ ದಾವೆ ಹೂಡುವ ಮೊದಲೇ. ಅಲ್ಲಿಯ ರಾಜಿ ಲೋಕ ಅದಾಲತ್‌ನಲ್ಲಿ ದಾಖಲಾದರೆ ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲ ಬರುತ್ತದೆ, ಅದರ ಮೇಲೆ ಮೇಲ್ಮನವಿಯಿಲ್ಲ. ಹೀಗಾಗಿ ನಾಳೆ ‘ನಾನು ಹಾಗೆ ಹೇಳಿರಲಿಲ್ಲ’ ಎನ್ನಲು ದಾರಿಯಿರುವುದಿಲ್ಲ. ಎರಡು ಚೆಕ್ಕುಗಳಲ್ಲಿ ಪೂರ್ತಿ 2 ಲಕ್ಷ ಬಂತು, ಕಮಿಷನ್ ಮಾತೇ ಬರಲಿಲ್ಲ. ಮಾಲೀಕರ ಬಳಿಯ 1 ಲಕ್ಷ ಇನ್ನೂ ಬಂದಿಲ್ಲ. ಅದಕ್ಕೆ ದಾವೆಯ ತಯಾರಿ ನಡೆದಿದೆ. ಎರಡನ್ನೂ ಒಂದೇ ಗಂಟಾಗಿ ಇಟ್ಟುಕೊಂಡಿದ್ದರೆ ಈ 2 ಲಕ್ಷವೂ ಅಲ್ಲಿಯೇ ಇರುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಏಜೆಂಟರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಬಿಸಿಲಲ್ಲಿ ಹತ್ತಾರು ಮನೆ ತೋರಿಸಿಕೊಂಡು, ಮಾಲೀಕರ ಪರಿಚಯವಾದ ಮೇಲೆ ಏಜೆಂಟರನ್ನು ಬದಿಗಿಟ್ಟು ನೇರವಾಗಿ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಕೊಳ್ಳುವವರೂ ಇದ್ದಾರೆ, ಅಂಥವರು ಕಡಿಮೆಯೇನಿಲ್ಲ. ಮುಂಗಡ ತಮ್ಮ ಕೈಯಲ್ಲೇ ಇರಲಿ ಎಂದು ಏಜೆಂಟರು ಹಟ ಹಿಡಿಯುವುದಕ್ಕೆ ಈ ಭಯವೂ ಕಾರಣ. ಕಮಿಷನ್ ಎಷ್ಟೆಂದು ರೇರಾ ಕಾಯ್ದೆಯೂ ನಿಗದಿ ಮಾಡಿಲ್ಲವಾದ್ದರಿಂದ ಮೊದಲೇ ಬರೆದುಕೊಂಡ ಒಂದು ಕಾಗದ ಇಬ್ಬರಿಗೂ ರಕ್ಷಣೆ. ಮಾಲೀಕರೊಂದಿಗಿನ ಕರಾರಿಗೆ ಛಾಪಾ ಕಾಗದ ತಂದು, ಚೆಕ್ಕುಬಂದಿ ಬರೆದು, ಸಾಕ್ಷಿ ಹಾಕಿಸುವ ನಾವು ಏಜೆಂಟರೊಂದಿಗೆ ಒಂದು ಸಾಲನ್ನೂ ಬರೆದುಕೊಳ್ಳುವುದಿಲ್ಲ. ಕಮಿಷನ್ ಎಷ್ಟು, ಯಾವಾಗ, ಯಾರಿಂದ, ಎದುರಿನವರಿಂದಲೂ ಪಡೆಯುತ್ತಾರೆಯೇ, ಇ.ಸಿ. (ಆಸ್ತಿಯ ಋಣಭಾರ ಪತ್ರ), ಇ-ಖಾತೆ, ವಂಶವೃಕ್ಷಗಳನ್ನು ತಂದುಕೊಡುವುದು ಯಾರ ಹೊಣೆ, ವ್ಯವಹಾರ ಮುರಿದರೆ ಏನು ಎಂಬಿಷ್ಟು ಅದರಲ್ಲಿದ್ದರೆ ಸಾಕು. ಮುಂಗಡ ನೇರವಾಗಿ ಮಾಲೀಕರ ಬ್ಯಾಂಕ್ ಖಾತೆಗೇ ಹೋಗಲಿ. ಆಸ್ತಿ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದವರಿಗೆ ಪಡೆದಷ್ಟೇ ದಂಡ.

ಈಗಾಗಲೇ ಹಣ ಸಿಕ್ಕಿಹಾಕಿಕೊಂಡು ‘ಇವತ್ತು ನಾಳೆ’ ಎಂಬ ಮಾತಿನ ಮೇಲೆ ಕಾಯುತ್ತಿರುವವರು ಒಂದು ಲೆಕ್ಕ ನೋಡಿಕೊಳ್ಳಿ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಮಾತ್ರ ಕಾಲಾವಕಾಶ. ತಡವಾದರೆ ಒಪ್ಪುವಂಥ ಕಾರಣವನ್ನು ತೋರಿಸಬೇಕಾಗುತ್ತದೆ. ಏಜೆಂಟರ ಬಾಯಿಮಾತಿನ ವಾಯಿದೆಗಳಿಂದ ಈ ಅವಧಿ ಮುಂದೆ ಹೋಗುವುದಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಮನೆಯೊಡತಿಯ ಹೆಸರಿನಲ್ಲಿ ವ್ಯವಹಾರವಾಗಿದ್ದರೆ ನೋಟಿಸ್ ಬರೆಸುವ ಮೊದಲು ಅಲ್ಲಿ ವಿಚಾರಿಸಿ.